ತಮ್ಮನ ರೇಜರು, ನನ್ನ ಮುಖ

ಐವತ್ತಮೂರು ದಾಟಿದರೂ ನನ್ನ ದಾಡಿ ಮಾಡಿಕೊಳ್ಳಲು ನನಗೆ ಬರುವುದಿಲ್ಲ. ಅಡುಗೆ ಬರುವುದಿಲ್ಲ, ಈಜು ಬರುವುದಿಲ್ಲ ಎಂದು ಗಂಡಸರು ಒಂದು ಬಗೆಯ ಹೆಮ್ಮೆಯಿಂದಲೇ ಹೇಳಿಕೊಳ್ಳುತ್ತಾರಲ್ಲ, ನಾನೂ ಇದನ್ನು ಹಾಗೆಯೇ ಹೇಳಿಕೊಂಡು ಬಂದವನು. ಬಸವಕಲ್ಯಾಣದ ಪೇಟೆಯಲ್ಲಿ ಅಮೃತ ಎಂಬ ಕ್ಷೌರಿಕನಿದ್ದಾನೆ. ನನ್ನ ಓರಗೆಯವನು. ಬುಧವಾರಕ್ಕೊಮ್ಮೆ, ಭಾನುವಾರಕ್ಕೊಮ್ಮೆ ಅವನ ಕುರ್ಚಿಯಲ್ಲಿ ಕುಳಿತು ಕತ್ತನ್ನು ಹಿಂದಕ್ಕೆ ಒರಗಿಸಿ ಕಣ್ಣು ಮುಚ್ಚಿದರೆ ನನ್ನ ಪಾಲಿನ ಕೆಲಸ ಮುಗಿಯಿತು. ಮೂವತ್ತು ವರ್ಷ ನನ್ನ ಗಂಟಲ ಮೇಲೆ ಕತ್ತಿ ಆಡಿಸಿದ ಮನುಷ್ಯ ಅವನು. ನನ್ನ ಮುಖದ ಏರುತಗ್ಗು ನನಗಿಂತ ಅವನಿಗೇ ಚೆನ್ನಾಗಿ ಗೊತ್ತು.

ಇಂಥವನು ಮೊನ್ನೆಯ ತನಕ ಮೂರು ವಾರ ಬೆಳಿಗ್ಗೆ ಬಚ್ಚಲ ಕನ್ನಡಿಯ ಮುಂದೆ ನಿಂತು, ಮುಖಕ್ಕೆ ಸೋಪಿನ ನೊರೆ ಬಳಿದುಕೊಂಡು, ಕೈಯಲ್ಲಿ ಒಂದು ಭಾರವಾದ ರೇಜರು ಹಿಡಿದು ನನ್ನನ್ನೇ ಕೊಯ್ದುಕೊಳ್ಳುತ್ತಿದ್ದೆ. ಹೆಂಡತಿಗೆ ಪೇಟೆಯಲ್ಲಿ ಕೊಂಡೆ ಎಂದು ಹೇಳಿದ್ದೆ. ಅದು ಸುಳ್ಳು. ರೇಜರು ನನ್ನ ತಮ್ಮ ಮಾಳಪ್ಪನದು. ಅವನು ತೀರಿಕೊಂಡು ನಾಲ್ಕು ತಿಂಗಳಾಯಿತು. ಅವನ ಹೆಂಡತಿ ಕಲಾವತಿ ಹುಮನಾಬಾದಿನ ತನ್ನ ಮನೆಯಲ್ಲಿ ಈ ರೇಜರನ್ನು ಆಗ ಇನ್ನೂ ಹುಡುಕುತ್ತಿದ್ದಳು.

ಮೊದಲು ರೇಜರಿನ ಬಗ್ಗೆ ಹೇಳಿಬಿಡುತ್ತೇನೆ. ಅದರ ಬಗ್ಗೆ ಹೇಳುವುದು ಸುಲಭ.

ಇದು ಕಿರಾಣಿ ಅಂಗಡಿಯಲ್ಲಿ ಮಾಲೆಯಂತೆ ತೂಗುಹಾಕಿರುತ್ತಾರಲ್ಲ, ಆ ಪ್ಲಾಸ್ಟಿಕ್ಕಿನ ರೇಜರಲ್ಲ. ಪೂರ್ತಿ ಉಕ್ಕಿನದು. ತಿರುಗಿಸಿ ಬಿಚ್ಚಿದರೆ ಮೂರು ತುಂಡು: ಹಿಡಿಕೆ, ಮೇಲಿನ ಟೊಪ್ಪಿಗೆ, ನಡುವೆ ಬಾಚಣಿಕೆಯಂತೆ ಹಲ್ಲುಗಳಿರುವ ಒಂದು ತಟ್ಟೆ. ಎರಡು ಬಾಯಿಯ ಬ್ಲೇಡನ್ನು ಟೊಪ್ಪಿಗೆಗೂ ತಟ್ಟೆಗೂ ನಡುವೆ ಇಟ್ಟು ಬಿಗಿದರೆ ಅದು ಬಿಲ್ಲಿನಂತೆ ತುಸು ಬಾಗುತ್ತದೆ. ಸಾದಾ ರೇಜರಿನಲ್ಲಿ ಬ್ಲೇಡಿನ ಅಂಚು ನಾಚಿಕೊಂಡವರಂತೆ ಒಳಗೇ ಇರುತ್ತದೆ. ಇದರಲ್ಲಿ ಅಂಚು ಹೊರಗೆ ಇಣುಕುತ್ತದೆ, ಬ್ಲೇಡಿಗೂ ತಟ್ಟೆಗೂ ನಡುವೆ ಒಂದು ಎಳ್ಳುಕಾಳು ನುಸುಳುವಷ್ಟು ಸಂದಿ. ಸಂದಿ ಹೆಚ್ಚಿದಷ್ಟೂ ರೇಜರಿನ ಸಿಟ್ಟು ಹೆಚ್ಚು. ಇಂಥ ರೇಜರಿಗೆ ಬಲ್ಲವರು ಅಗ್ರೆಸಿವ್ ಎನ್ನುತ್ತಾರಂತೆ. ಬಲ್ಲವರು ಯಾರು ಎಂದರೆ ಫೋನಿನಲ್ಲಿ ಇರುವವರು. ಬರೀ ರೇಜರುಗಳ ಬಗ್ಗೆ ಮಾತಾಡುವ ಮಂದಿ ಲೋಕದಲ್ಲಿ ಇದ್ದಾರೆಂದು ನನಗೆ ತಿಳಿದದ್ದು ಮಾಳಪ್ಪನಿಂದಲೇ. ಸಂತೆಯಲ್ಲಿ ಟಗರು ಕೊಳ್ಳುವವರು ಬಾಯಿ ಬಿಡಿಸಿ ಹಲ್ಲು ನೋಡಿ, ಬೆನ್ನು ಅದುಮಿ, ಬಾಲ ಎತ್ತಿ ನೋಡುವ ಹಾಗೆ ಅವರು ಒಂದೊಂದು ರೇಜರನ್ನೂ ಪರೀಕ್ಷಿಸಿ ಊರಿಗೆಲ್ಲ ತಿಳಿಸುತ್ತಾರೆ. ಮಾಳಪ್ಪ ಊಟ ಮಾಡುತ್ತ ಅದನ್ನೇ ನೋಡುತ್ತಿದ್ದ.

ಹೋದ ದೀಪಾವಳಿಗೆ ನಮ್ಮ ಹಳ್ಳಿ ಮೋರಖಂಡಿಯ ಮನೆಗೆ ಬಂದವನು ಪೆಟ್ಟಿಗೆ ಬಿಚ್ಚಿ ತೋರಿಸಿದ.

"ಅಣ್ಣಾ, ಇದಕ್ಕ ಭಾಳ ಸಿಟ್ಟದ ಅಂತ. ಹೊಸಬ್ರು ಮುಟ್ಟಬ್ಯಾಡ್ರಿ ಅಂತ ಎಲ್ಲಾರೂ ಬರದಾರ."

"ಮತ್ತ ನೀ ಯಾಕ ತರಿಸಿದಿ?"

"ನನ್ನ ದಾಡಿ ನೋಡು. ಸಮಾಧಾನದವ್ರ ಕೈಲಿ ಆಗೂದಲ್ಲ ಇದು."

ಖರೆ. ನಮ್ಮ ಮನೆತನದ ಗಂಡಸರಿಗೆ ಗಡ್ಡ ದಟ್ಟ, ಅವನಿಗಂತೂ ಕರಿಕಂಬಳಿ. ಬೆಳಿಗ್ಗೆ ತೆಗೆದರೆ ಸಂಜೆಗೆ ಮತ್ತೆ ಕಪ್ಪು. ಪ್ಲಾಸ್ಟಿಕ್ಕಿನ ರೇಜರುಗಳು ಅವನ ಒಂದು ಕೆನ್ನೆಗೇ ಸುಸ್ತಾಗಿ ಕೂದಲು ಕಟ್ಟಿಕೊಂಡು ನಿಂತುಬಿಡುತ್ತಿದ್ದವು. ಗಡ್ಡ ಬಿಟ್ಟುಕೊಂಡು ಇರಬಹುದಿತ್ತಲ್ಲ ಎಂದು ನೀವು ಕೇಳಬಹುದು. ಇರುವಂತಿರಲಿಲ್ಲ. ಅವನು ಹುಮನಾಬಾದಿನ ಆಚೆ ಒಂದು ರಸಾಯನದ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಅಲ್ಲಿ ಕೆಲವು ಕೋಣೆಗಳೊಳಗೆ ಹೋಗಬೇಕಾದರೆ ರಬ್ಬರಿನ ದೊಡ್ಡ ಮಾಸ್ಕ್ ಹಾಕಿಕೊಳ್ಳಬೇಕು. ಕರೋನಾ ಕಾಲದಲ್ಲಿ ನಾವೆಲ್ಲ ಗದ್ದಕ್ಕೆ ಇಳಿಬಿಟ್ಟುಕೊಂಡು ತಿರುಗಿದ ಬಟ್ಟೆ ಮಾಸ್ಕ್ ಅಲ್ಲ ಅದು. ಅದರ ಅಂಚು ಕೆನ್ನೆಗೆ, ಗದ್ದಕ್ಕೆ ಗಟ್ಟಿಯಾಗಿ ಕೂಡಬೇಕು. ಜೋಳ ಕೊಯ್ದ ಹೊಲದಲ್ಲಿ ಕೂಳೆ ನಿಲ್ಲುವುದಿಲ್ಲವೇ, ಮುಖದ ಮೇಲೆ ಅಂಥ ಎರಡು ದಿನದ ಕೂಳೆ ಇದ್ದರೂ ಸಾಕು, ಅದರ ಸಂದಿನಲ್ಲಿ ಗಾಳಿ ನುಗ್ಗುತ್ತದೆ. ಅದಕ್ಕೇ ಪಾಳಿಗೆ ಹೋಗುವಾಗ ಬಾಗಿಲಲ್ಲಿ ಸೇಫ್ಟಿ ಸಾಹೇಬರು ನಿಂತು ಪ್ರತಿಯೊಬ್ಬನ ಕೆನ್ನೆಯ ಮೇಲೆ ಒಂದು ಹತ್ತಿ ಉಂಡೆ ಎಳೆದು ನೋಡುತ್ತಿದ್ದರು. ಹತ್ತಿಯ ಎಳೆ ಸಿಕ್ಕಿಕೊಂಡರೆ ವಾಪಸ್. ಮಾಳಪ್ಪನ ಕೆನ್ನೆಯಲ್ಲಿ ಮೊದಮೊದಲು ಹತ್ತಿ ಸಿಕ್ಕಿಕೊಳ್ಳುತ್ತಿತ್ತು. ಈ ರೇಜರು ಬಂದ ಮೇಲೆ ಒಂದು ದಿನವೂ ಸಿಕ್ಕಿಕೊಳ್ಳಲಿಲ್ಲವೆಂದು ದೊಡ್ಡ ಇನಾಮು ಬಂದವರಂತೆ ಹೇಳಿಕೊಳ್ಳುತ್ತಿದ್ದ.

ಹೊಸಬರು ಮುಟ್ಟಬಾರದ ರೇಜರನ್ನು ಅವನು ಅಷ್ಟು ಬೇಗ ಪಳಗಿಸಿಕೊಂಡದ್ದು ಹೇಗೆ ಎಂದು ನಾನು ಯೋಚಿಸಿದ್ದೇನೆ. ಅದು ಕುರಿಗಳಿಂದ ಬಂದ ವಿದ್ಯೆ. ನಮ್ಮದು ಕುರಿಯ ಮನೆ. ವರ್ಷಕ್ಕೆ ಎರಡು ಸಲ ಉಣ್ಣೆ ಕತ್ತರಿಸುವ ಕೆಲಸ. ನಮ್ಮ ಕಾಕಾ, ಎಂದರೆ ಅಪ್ಪನ ತಮ್ಮ, ಅದರಲ್ಲಿ ದೊಡ್ಡ ಕೈ. ಅಪ್ಪ ಬೇಗ ಹೋದ ಮೇಲೆ ನಮ್ಮಿಬ್ಬರನ್ನೂ ಬೆಳೆಸಿದವನು ಅವನೇ. ಕುರಿಯನ್ನು ಮಗ್ಗುಲಿಗೆ ಕೆಡವಿ, ಎಡಗೈಯಲ್ಲಿ ಚರ್ಮವನ್ನು ಬಿಗಿಯಾಗಿ ಎಳೆದು ಹಿಡಿದು, ಬಲಗೈಯ ಕತ್ತರಿಯನ್ನು ಚರ್ಮಕ್ಕೆ ಒರಗಿಸಿ ನಡೆಸಬೇಕು. ಕತ್ತರಿಗಿಂತ ಎಡಗೈ ಮುಖ್ಯ. ಚರ್ಮ ಸಡಿಲಾಗಿ ಮಡಿಕೆ ಬಿದ್ದ ಕಡೆಯೇ ಗಾಯ ಆಗುವುದು. ನಾನು ಉಣ್ಣೆ ಕತ್ತರಿಸಿದ ಕುರಿಗಳು ಗಾಯಗಳಿಗೆ ಅರಿಶಿನ ಬಳಿಸಿಕೊಂಡು ಮದುವಣಗಿತ್ತಿಯರಂತೆ ಹೊರಗೆ ಬರುತ್ತಿದ್ದವು. ಕಾಕಾ ನನ್ನ ಕೈಯಿಂದ ಕತ್ತರಿ ಕಿತ್ತು ಮಾಳಪ್ಪನ ಕೈಗೆ ಕೊಟ್ಟು ಹೇಳುತ್ತಿದ್ದ: "ನೀ ಸಾಲಿಗೆ ಹೋಗಪಾ. ಕುರಿ ಬದುಕಲಿ."

ಹಾಗೆ ನಾನು ಶಾಲೆಗೆ ಹೋಗಿ ಹತ್ತನೆಯ ಇಯತ್ತೆ ಪಾಸಾಗಿ ಬಸವಕಲ್ಯಾಣದ ಒಂದು ಬೀಜ-ಗೊಬ್ಬರದ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದೆ. ಔಷಧದ ಬಾಟಲಿಯ ಮೇಲಿನ ಸಣ್ಣ ಅಕ್ಷರ ಓದಿ ರೈತರಿಗೆ ತಿಳಿಸಿಹೇಳುವುದು ನನ್ನ ಮುಖ್ಯ ಕೆಲಸ. ತೊಗರಿಗೆ ಔಷಧ ಹೊಡೆಯುವ ದಿನಗಳಲ್ಲಿ ಬಂದ ಪ್ರತಿಯೊಬ್ಬನಿಗೂ "ಮೂಗು ಬಾಯಿಗೆ ಗಟ್ಟಿ ಕಟ್ಟಿಕೋರಿ, ಗಾಳಿ ನೋಡಿ ಹೊಡೀರಿ" ಎಂದು ಇಪ್ಪತ್ತೆಂಟು ವರ್ಷಗಳಿಂದ ಹೇಳುತ್ತಿದ್ದೇನೆ. ತಾಲ್ಲೂಕಿನ ಅರ್ಧ ಜನರ ಮೂಗಿನ ಚಿಂತೆ ಮಾಡಿದ ಮನುಷ್ಯ ನಾನು. ಇದನ್ನು ನೆನಪಿಟ್ಟುಕೊಂಡು ಮುಂದಿನದನ್ನು ಓದಿ.

ಕಾಕಾ ತುಂಬು ವಯಸ್ಸಿನಲ್ಲಿ, ಒಂದು ದಿನವೂ ಹಾಸಿಗೆ ಹಿಡಿಯದೆ ಹೋದ. ಮಣ್ಣು ಮಾಡಿ ಬಂದೆವು. ನಮ್ಮಲ್ಲಿ ಹನ್ನೊಂದನೆಯ ದಿನದವರೆಗೆ ಮನೆಯ ಗಂಡಸರು ಬ್ಲೇಡು ಮುಟ್ಟುವಂತಿಲ್ಲ. ಆ ದಿನ ಕೆರೆಯ ದಂಡೆಯಲ್ಲಿ ಸಾಲಾಗಿ ಕುಳಿತು, ಸತ್ತವನಿಗಿಂತ ಚಿಕ್ಕವರೆಲ್ಲ ತಲೆಗೂದಲು, ಗಡ್ಡ, ಮೀಸೆ ಕೊಡಬೇಕು. ಕೊಡುವುದು ಎಂದೇ ಅನ್ನುತ್ತೇವೆ, ತೆಗೆಯುವುದು ಎನ್ನುವುದಿಲ್ಲ.

ಮಾಳಪ್ಪನಿಗೆ ಮೂರು ದಿನ ರಜೆ ಇತ್ತು. ಕಲಾವತಿ ಇಬ್ಬರು ಹೆಣ್ಣುಮಕ್ಕಳಿಗೆ ಪರೀಕ್ಷೆ ಎಂದು ಮೂರನೆಯ ದಿನವೇ ಹುಮನಾಬಾದಿಗೆ ಹೋಗಿದ್ದಳು. ನಾಲ್ಕನೆಯ ದಿನ ಬೆಳಿಗ್ಗೆ ನಾನು ಎದ್ದು ಮೋರಖಂಡಿಯ ಮನೆಯ ಅಂಗಳಕ್ಕೆ ಬಂದರೆ ಮಾಳಪ್ಪ ಬಟ್ಟಲಲ್ಲಿ ನೀರು ಇಟ್ಟುಕೊಂಡು ರೇಜರಿಗೆ ಬ್ಲೇಡು ಹಾಕುತ್ತಿದ್ದ.

"ಏನ ಮಾಡಾಕತ್ತಿ?" ಎಂದೆ.

"ಇವತ್ತ ಪಾಳಿ ಅದ ಅಣ್ಣಾ. ಮಾಸ್ಕ್ ಕೂಡಂಗಿಲ್ಲ."

"ಒಂದು ಮಾಸ್ಕಿನ ಸಲುವಾಗಿ ಕಾಕಾನ ಸೂತಕ ಮುರೀತಿಯೇನು? ಹೆಗಲ ಮ್ಯಾಲ ಹೊತ್ತು ತಿರಗ್ಯಾನ ನಿನಗ."

"ಹೊರಗಿನ ಕೆಲಸ ಕೊಡ್ರಿ ಅಂದ್ರ ಕೊಡಂಗಿಲ್ಲ ಅವ್ರು."

"ಕೇಳಿ ನೋಡು. ನಿನ್ನ ನುಣ್ಣನ ಮಾರಿ ನೋಡಿ ಮಂದಿ ಏನಂದಾರು? ಈ ಮನ್ಯಾಗ ಹೇಳವ್ರು ಕೇಳವ್ರು ಯಾರೂ ಉಳಿದಿಲ್ಲ ಅಂತಾರ."

ಎಂದವನು ಅಷ್ಟಕ್ಕೇ ಬಿಡಲಿಲ್ಲ. ಕಾಕಾ ಹೋದ ಮೇಲೆ ಮನೆಗೆ ಹಿರಿಯ ನಾನೇ ಆದೆನಲ್ಲ, ಆ ಹಿರಿತನ ನಾಲ್ಕು ದಿನದ್ದು, ಹೊಸ ಚಪ್ಪಲಿಯಂತೆ ಕಿರುಗುಟ್ಟುತ್ತಿತ್ತು. ಅವನ ಕೈಯಿಂದ ರೇಜರು ತೆಗೆದುಕೊಂಡು, ಪೆಟ್ಟಿಗೆಯಲ್ಲಿ ಹಾಕಿ, ಟ್ರಂಕಿನಲ್ಲಿಟ್ಟೆ. "ಹನ್ನೊಂದನೇ ದಿನಕ್ಕ ಒಯ್ಯಿ" ಎಂದೆ.

ಅವನು ನನ್ನ ಮಾತು ಮೀರಿದವನಲ್ಲ. "ಆತು ಬಿಡಣ್ಣ" ಎಂದು ಬಟ್ಟಲಿನ ನೀರನ್ನು ಬೇವಿನ ಗಿಡದ ಬುಡಕ್ಕೆ ಚೆಲ್ಲಿ ಬಸ್ಸಿಗೆ ಹೋದ.

ಎರಡು ದಿನ ಬಿಟ್ಟು ಕಾರ್ಖಾನೆಯ ಒಂದು ಕೋಣೆಯಲ್ಲಿ ಪೈಪು ಬಿಟ್ಟುಕೊಂಡು ವಿಷದ ಗಾಳಿ ತುಂಬಿತು. ಒಳಗೆ ನಾಲ್ಕು ಮಂದಿ ಇದ್ದರು. ನಾಲ್ವರಿಗೂ ಮಾಸ್ಕ್ ಇತ್ತು. ಮೂವರು ಕೆಮ್ಮುತ್ತ ಹೊರಗೆ ಬಂದರು. ಮಾಳಪ್ಪನನ್ನು ಹೊತ್ತು ತಂದರು. ಬೀದರಿನ ಆಸ್ಪತ್ರೆಯಲ್ಲಿ ಒಂದು ದಿನ ಇದ್ದ. ಮಾತಾಡಲಿಲ್ಲ. ಮೂಗಿಗೆ ನಳಿಗೆ ಹಾಕಬೇಕೆಂದು ಅಲ್ಲಿನ ನರ್ಸು ಅವನ ಗಡ್ಡ ತೆಗೆದಿದ್ದಳು. ನಾನು ಹೋಗಿ ನೋಡಿದಾಗ ಮುಖ ನುಣ್ಣಗಿತ್ತು.

ಒಂದು ಸೂತಕದ ಒಳಗೇ ಇನ್ನೊಂದು ಬಂದರೆ ನಮ್ಮಲ್ಲಿ ಎರಡೂ ಮೊದಲನೆಯದರ ದಿನವೇ ಮುಗಿಯುತ್ತವೆ. ಹಾಗಾಗಿ ಕಾಕಾನ ಹನ್ನೊಂದನೆಯ ದಿನವೇ ತಮ್ಮನದೂ ಆಯಿತು. ಕೆರೆಯ ದಂಡೆಗೆ ಅಮೃತನನ್ನೇ ಕರೆಸಿದ್ದೆವು. ನನ್ನ ಸರದಿ ಬಂದಾಗ "ಇದು ಇಬ್ಬರ ಹೆಸರಿಗೂ" ಎಂದೆ. ಅಮೃತ ಕತ್ತಿಯನ್ನು ಹಾಗೇ ಎತ್ತಿ ಹಿಡಿದ.

"ಹಂಗ ಅನಬ್ಯಾಡ್ರಿ. ನಿಮ್ಮದು ಕಾಕಾಗ ಅಷ್ಟ. ತಮ್ಮಗ ದೊಡ್ಡವ್ರು ಕೊಡಂಗಿಲ್ಲ."

ಅವನು ಹೇಳಿದ್ದು ಸರಿಯೇ. ಹೀಗೆ ನನ್ನ ಕೂದಲು, ಮೀಸೆ ಎಲ್ಲವೂ ಕಾಕಾನ ಲೆಕ್ಕಕ್ಕೆ ಹೋದವು. ತಮ್ಮನಿಗೆ ನಾನು ಒಂದು ಎಳೆಯನ್ನೂ ಕೊಡಲಿಲ್ಲ. ನಮ್ಮ ಹಿರಿಯರು ಈ ಕಟ್ಟಳೆ ಮಾಡುವಾಗ ಏನು ಯೋಚಿಸಿದ್ದರೋ. ಚಿಕ್ಕವರು ಮೊದಲು ಹೋಗುವುದೇ ಇಲ್ಲ ಎಂದು ಧೈರ್ಯವಾಗಿದ್ದರೋ, ಇಲ್ಲ, ಹಾಗಾದಾಗ ದೊಡ್ಡವರ ಮುಖದಲ್ಲಿ ಅವರು ಮಾಡಿದ್ದು ಹಾಗೇ ಉಳಿಯಲಿ, ಬೋಳಿಸಿ ಕೈ ತೊಳೆದುಕೊಳ್ಳುವುದು ಬೇಡ ಎಂದುಕೊಂಡರೋ. ಎರಡನೆಯದೇ ಇದ್ದರೆ ಅವರು ನಾನು ತಿಳಿದದ್ದಕ್ಕಿಂತ ಜಾಣರು.

ತಿಂಗಳ ಮೇಲೆ ಅವನ ಡಬ್ಬಿ, ಬಟ್ಟೆ ತರಲು ಕಾರ್ಖಾನೆಗೆ ಹೋದೆ. ಸೇಫ್ಟಿ ಸಾಹೇಬರು ಕುರ್ಚಿ ಕೊಟ್ಟು ಕೂಡಿಸಿದರು. ಕಲಬುರಗಿ ಕಡೆಯವರು, ಸಣ್ಣ ವಯಸ್ಸು. ವರದಿಯಲ್ಲಿ ಕಾರ್ಮಿಕನ ಅಜಾಗರೂಕತೆ ಎಂದು ಬರೆದಿದ್ದರು. ಓದಿ ನಾನು ಕೇಳಿದೆ: "ಸಾಹೇಬರ, ದಿನಾ ಹತ್ತಿ ಎಳೆದು ನೋಡ್ತಿದ್ರಲ್ಲ. ಆ ದಿನ ನೋಡಿದ್ದಿಲ್ಲೇನ್ರಿ?"

ಅವರು ವರದಿಯನ್ನು ಮಡಚಿ ಬದಿಗಿಟ್ಟರು.

"ನೋಡಿದ್ದೆರಿ. ಹತ್ತಿ ಪೂರಾ ಹಿಡಕೊಂಡಿತ್ತು. ವಾಪಸ್ ಹೋಗು ಅಂದೆ. ಸಾಹೇಬರ, ಮನ್ಯಾಗ ಸೂತಕ ಅದ, ಅಣ್ಣ ಬ್ಯಾಡ ಅಂದಾನ, ಅವ್ನ ಮಾತು ಹ್ಯಾಂಗ ಮೀರಲಿ ಅಂದ. ನಮ್ಮಪ್ಪ ಹೋದಾಗ ನಾನೂ ಹನ್ನೊಂದು ದಿನ ಬಿಟ್ಟಿದ್ದೆರಿ. ಹೋಗು ಅಂದೆ."

"ವರದ್ಯಾಗ ಹಂಗ ಬರದಿಲ್ಲ."

"ಫಾರ್ಮಿನ್ಯಾಗ ಸೂತಕಕ್ಕ ಜಾಗ ಇಲ್ರಿ." ಆಮೇಲೆ ಕೇಳಿದರು: "ಆ ಅಣ್ಣ ನೀವೇ ಅಲ್ರಿ?"

"ಹೌದ್ರಿ."

ಅವರು ತಮ್ಮ ಬೂಟು ನೋಡಿಕೊಂಡರು. ನಾನು ನನ್ನ ಚಪ್ಪಲಿ ನೋಡಿಕೊಂಡೆ. ಒಬ್ಬ ಕೆಟ್ಟ ಮನುಷ್ಯ ಸಿಗುತ್ತಾನೆ, ಅವನ ಮೇಲೆ ಹರಿಹಾಯಬಹುದು ಎಂದುಕೊಂಡು ಬಸವಕಲ್ಯಾಣದಿಂದ ಬಸ್ಸು ಹತ್ತಿ ಬಂದಿದ್ದೆ. ಸಿಕ್ಕವನು ನನ್ನಂಥವನೇ. ಸಾವಿಗೆ ಮರ್ಯಾದೆ ಕೊಡಬೇಕೆಂದು ನಾವಿಬ್ಬರೂ ಸೇರಿ ಒಬ್ಬನನ್ನು ಕಳಿಸಿಕೊಟ್ಟೆವು.

ಅಲ್ಲಿಂದ ಕಲಾವತಿಯ ಮನೆಗೆ ಹೋದೆ. ಅವಳು ಚಹಾ ಕೊಟ್ಟು, ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಬಾಗಿಲ ಮರೆಯಲ್ಲಿ ನಿಂತು ಮಾತಾಡಿದಳು. ಗಂಡನ ಅಣ್ಣನ ಎದುರಿಗೆ ಹಾಗೆಯೇ ಮಾತಾಡುವುದು ರೂಢಿ.

"ಎರಡು ದಿನ ಹೇಳಿದೆರಿ ಭಾವಾರ. ಹೊಟ್ಟಿ ಕೆಲಸದ ಮುಂದ ಸೂತಕ ಇಲ್ಲ, ಮಾಡ್ಕೋರಿ ಅಂದೆ. ಹೂಂ ಅಂದ್ರು. ರೇಜರ್ ಎಲ್ಲೋ ಬಿಟ್ಟೀನಿ, ನಾಳೆ ಹೊಸಾದು ತರ್ತೀನಿ ಅಂದ್ರು. ಹಾಳಾದ ಮರವು. ಅಷ್ಟು ಜೋಪಾನ ಮಾಡಿದ ರೇಜರ್ ಆ ದಿನಾನ ಕಳಕೋಬೇಕೇನ್ರಿ? ಇಡೀ ಮನಿ ಹುಡುಕೀನಿ. ಸಿಕ್ಕರ ಅವ್ರ ಫೋಟೋದ ಮುಂದ ಇಟ್ಟು ಕೇಳ್ತೀನಿ, ಇಲ್ಲೇ ಇತ್ತಲ್ಲ ಅಂತ."

ರೇಜರು ನನ್ನ ಟ್ರಂಕಿನಲ್ಲಿದೆ ಎಂದು ಹೇಳಬೇಕಾದ ಹೊತ್ತು ಅದು. ನಾನು ಚಹಾ ಕುಡಿದು ಮುಗಿಸಿದೆ. "ಸಿಗತದ ಬಿಡವ್ವಾ" ಎಂದು ಎದ್ದುಬಂದೆ. ಮಾಳಪ್ಪ ಹೆಂಡತಿ ಮತ್ತು ಅಣ್ಣನ ನಡುವೆ ಜಗಳ ಬರಬಾರದೆಂದು ಒಂದು ಸಣ್ಣ ಸುಳ್ಳು ಹೇಳಿ ಹೋಗಿದ್ದ. ಆ ಸುಳ್ಳಿನ ನೆರಳಿನಲ್ಲಿ ನಾನು ಆರಾಮಾಗಿ ಕುಳಿತುಬಿಟ್ಟೆ.

ಆಮೇಲೂ ಎರಡು ಸಲ ಹೋದೆ. ಎರಡು ಸಲವೂ ಚಹಾ ಕುಡಿದು ಬಂದೆ.

ಮೂರು ವಾರದ ಹಿಂದೆ ಮೋರಖಂಡಿಯ ಟ್ರಂಕು ತೆಗೆದು ರೇಜರನ್ನು ಬಸವಕಲ್ಯಾಣದ ಮನೆಗೆ ತಂದದ್ದು ಯಾಕೆ ಎಂದು ಕೇಳಿದರೆ ನನಗೆ ಬೇಕಾಗಿದ್ದದ್ದು ಒಂದೇ. ಆ ಬೆಳಿಗ್ಗೆ ನಾನು ಸುಮ್ಮನಿದ್ದಿದ್ದರೆ ಅವನಿಗೆ ಎಷ್ಟು ಹೊತ್ತು ಹಿಡಿಯುತ್ತಿತ್ತು, ಅದು ತಿಳಿಯಬೇಕಿತ್ತು. ದುಃಖದಲ್ಲಿ ಇರುವವರು ಇಂಥ ಕೆಲಸಕ್ಕೆ ಬಾರದ ಅಳತೆಗಳನ್ನು ತೆಗೆಯುತ್ತಾರೆ.

ಮೊದಲ ದಿನ ನನಗೆ ಅರ್ಧ ತಾಸು ಹಿಡಿಯಿತು. ಗದ್ದದ ಮೇಲೆ ಒಂದು, ಕಿವಿಯ ಕೆಳಗೆ ಒಂದು, ಗಂಟಲ ಮೇಲೆ ಎರಡು ಗಾಯ. ಸಿಟ್ಟಿನ ರೇಜರಿಗೆ ನಾವು ಒತ್ತು ಕೊಡಬಾರದಂತೆ, ಅದರ ಭಾರಕ್ಕೆ ಅದು ಇಳಿಯಬೇಕು. ನಾನು ಗೋಡೆಯ ಸುಣ್ಣ ಕೆರೆಯುವವನಂತೆ ಒತ್ತಿದೆ. ಕೈಯಲ್ಲಿ ಬ್ಲೇಡು ಸಣ್ಣಗೆ ಹಾಡುತ್ತದೆ, ಒಣ ಎಲೆಯ ಮೇಲೆ ಹುಳ ಹರಿದಂಥ ಸದ್ದು. ಸದ್ದು ನಿಂತಿತೆಂದರೆ ಚರ್ಮ ಕೊಯ್ದಿತು ಎಂದು ಅರ್ಥ. ಉರಿ ಆಮೇಲೆ ಬರುತ್ತದೆ. ಮೊದಲು ಬಿಳಿಯ ನೊರೆಯಲ್ಲಿ ಒಂದು ಕೆಂಪು ಎಳೆ ಕಾಣುತ್ತದೆ, ಯಾರದೋ ಮುಖವೆಂಬಂತೆ ಅದನ್ನು ನೋಡುತ್ತ ನಿಲ್ಲುತ್ತೇವೆ.

ಆ ಭಾನುವಾರ ಅಮೃತನ ಅಂಗಡಿಗೆ ಹೋಗಿ ಕುಳಿತೆ. ಅವನು ನನ್ನ ಗದ್ದ ಹಿಡಿದು ಬೆಳಕಿಗೆ ತಿರುಗಿಸಿದ.

"ಯಾವ ಬೆಕ್ಕಿನ ಕೂಡ ಜಗಳಾಡಿ ಬಂದ್ರಿ?"

"ನಾನೇ ಮಾಡಿಕೊಂಡೆನಪಾ."

"ಬ್ಯಾರೆ ಅಂಗಡಿಗೆ ಹೋಗಿದ್ರ ನಾ ಸಿಟ್ಟಿಗೇಳತಿದ್ದೆ. ಇದಕ್ಕ ಸಿಟ್ಟೂ ಬರವಲ್ದು." ಪಟಿಕದ ಹರಳನ್ನು ನೀರಲ್ಲಿ ಅದ್ದಿ ಗಾಯಗಳ ಮೇಲೆ ಒತ್ತಿದ. ಕಣ್ಣಲ್ಲಿ ನೀರು ಬಂತು. "ಎಡಗೈ ಏನ ಮಾಡಾಕತ್ತಿತ್ರಿ, ಕಿಸೆದಾಗ ಇತ್ತೇನು? ತೊಗಲು ಎಳದ ಹಿಡೀರಿ. ಕುರಿ ಸಾಕಿದ ಮನ್ಯಾವರು, ಇದೂ ನಾ ಕಲಸಬೇಕೇನು?"

ಆಮೇಲೆ ಎಡಗೈ ಬಳಸಿದೆ. ಎರಡನೆಯ ವಾರಕ್ಕೆ ಹದಿನೈದು ನಿಮಿಷಕ್ಕೆ ಬಂದೆ, ಮೂರನೆಯ ವಾರಕ್ಕೆ ಎಂಟು. ಪಳಗಿದ ಕೈಗೆ, ಮಾಳಪ್ಪನಂಥ ದಟ್ಟ ಗಡ್ಡಕ್ಕೂ, ಐದು ನಿಮಿಷ ಸಾಕು. ಇದು ನನಗೆ ಬೇಕಾಗಿದ್ದ ಅಳತೆ. ಐದು ನಿಮಿಷ ನಾನು ಅಂಗಳಕ್ಕೆ ಬರದೆ ಇದ್ದಿದ್ದರೆ ಸಾಕಿತ್ತು. ಇನ್ನೊಂದು ಮಗ್ಗುಲಿಗೆ ತಿರುಗಿ ಮಲಗಿದ್ದರೆ ಸಾಕಿತ್ತು. ನನ್ನ ಜೀವಮಾನದಲ್ಲಿ ಎಷ್ಟೋ ದಿನ ಸೂರ್ಯ ನೆತ್ತಿಗೆ ಬರುವ ತನಕ ಮಲಗಿದ್ದೇನೆ, ಅದರಿಂದ ಯಾರಿಗೂ ಏನೂ ಒಳ್ಳೆಯದಾಗಲಿಲ್ಲ. ಆ ಒಂದು ದಿನ ಬೇಗ ಎದ್ದೆ.

ಕಳೆದ ಮಂಗಳವಾರ ಈ ಐದು ನಿಮಿಷವನ್ನೇ ಯೋಚಿಸುತ್ತ ಮೂಗಿನ ಕೆಳಗೆ ರೇಜರು ತಂದೆ. ಕಾಕಾನಿಗೆ ಕೊಟ್ಟ ಮೀಸೆ ನಾಲ್ಕು ತಿಂಗಳಲ್ಲಿ ಮೊದಲಿನಂತೆ ಬೆಳೆದಿತ್ತು. ರೇಜರಿನ ತಲೆ ದಪ್ಪ, ಅದರ ಮೂಲೆ ಎಲ್ಲಿ ಮುಗಿಯುತ್ತದೆ ಎಂದು ನನ್ನಂಥವನಿಗೆ ಕಾಣುವುದಿಲ್ಲ. ಒಂದೇ ಸಲ ಎಳೆದೆ. ಎಡಗಡೆಯ ಮೀಸೆಯ ಮುಕ್ಕಾಲು ಭಾಗ ನೊರೆಯೊಂದಿಗೆ ಬಚ್ಚಲಿಗೆ ಬಿತ್ತು. ಬೇಕೆಂದೇ ಮಾಡಿದೆ ಎಂದು ನೀವು ಅಂದುಕೊಂಡರೆ ನಾನು ವಾದಿಸುವುದಿಲ್ಲ. ಬೇಕೆಂದು ಮಾಡಲಿಲ್ಲ.

ಬಾಯಿಗೆ ಟವೆಲು ಹಿಡಿದುಕೊಂಡು ಅಮೃತನಲ್ಲಿಗೆ ಹೋದೆ. ಅವನು ಟವೆಲು ಸರಿಸಿ ನೋಡಿ, ನಗು ತಡೆಯಲಾರದೆ ಗೋಡೆಯ ಕಡೆಗೆ ತಿರುಗಿ ನಿಂತ.

"ಬಲಗಡೀದೂ ಸಣ್ಣ ಮಾಡಿ ಗೀಟು ಎಳೀಲೇನ್ರಿ? ಹಳೇ ಸಿನಿಮಾದ ಹೀರೋ ಆಗ್ತೀರಿ."

"ಪೂರಾ ತೆಗಿ" ಎಂದೆ.

ನಗು ನಿಂತಿತು. "ಮೀಸಿ ಪೂರಾ ತೆಗೆದ್ರ ಮಂದಿ ಯಾರು ಹೋದ್ರು ಅಂತ ಕೇಳ್ತಾರ. ಏನ ಹೇಳ್ತೀರಿ?"

"ತಮ್ಮ ಅಂತೀನಿ."

"ತಮ್ಮಗ ದೊಡ್ಡವ್ರು..."

"ಗೊತ್ತದ. ತೆಗಿ."

ಅಮೃತ ಬಾಗಿಲ ಪರದೆ ಎಳೆದ. ಮೀಸೆ ಪೂರ್ತಿ ತೆಗೆದ. ಕೆಲಸ ಮುಗಿದ ಮೇಲೆ ದುಡ್ಡು ಮುಟ್ಟಲಿಲ್ಲ. ಕೆರೆಯ ದಂಡೆಯಲ್ಲಿ ಕೊಡುವ ಕೂದಲಿಗೆ ಅಂಗಡಿಯ ದರ ಇಲ್ಲ.

ಅವನು ಹೇಳಿದಂತೆಯೇ ಆಯಿತು. ಪೇಟೆಯಿಂದ ಬಸ್ ನಿಲ್ದಾಣದ ತನಕ ಮೂರು ಮಂದಿ ನಿಲ್ಲಿಸಿ ಯಾರು ಹೋದರು ಎಂದು ಕೇಳಿದರು. ತಮ್ಮ ಎಂದೆ. ಅದು ನಾಲ್ಕು ತಿಂಗಳಾಯಿತಲ್ಲ ಎಂದರು. ಹೌದು ಎಂದೆ. ಒಬ್ಬರು ನನ್ನ ತೋಳು ತಟ್ಟಿ, ಮನಸ್ಸು ತುಸು ಸಡಿಲಾದರೆ ತೋರಿಸಿಕೊಳ್ಳಲು ಬೀದರಿನಲ್ಲಿ ಒಳ್ಳೆಯ ಡಾಕ್ಟರಿದ್ದಾರೆ ಎಂದರು. ನಾನು ಅವರಿಗೂ ಹೌದು ಎಂದು ಹುಮನಾಬಾದಿನ ಬಸ್ಸು ಹತ್ತಿದೆ. ಮುಖಕ್ಕೆ ಗಾಳಿ ತಾಗಿದಾಗ ಮೇಲುತುಟಿ ಬೇರೆ ಯಾರದೋ ಎನ್ನಿಸುತ್ತಿತ್ತು. ಅಂಗಿಯ ಕಿಸೆಯಲ್ಲಿ ರೇಜರಿನ ಪೆಟ್ಟಿಗೆ ಇತ್ತು.

ಕಲಾವತಿ ರೊಟ್ಟಿ ಬಡಿಯುತ್ತಿದ್ದಳು. ನನ್ನ ಮುಖ ನೋಡಿ ಕೈ ನಿಲ್ಲಿಸಿದಳು. "ಯಾರು ಹೋದ್ರು ಭಾವಾರ?"

ನಾನು ಪೆಟ್ಟಿಗೆ ತೆಗೆದು ನೆಲದ ಮೇಲೆ ಇಟ್ಟೆ. ನಿಂತುಕೊಂಡೇ ಹೇಳಿದೆ. ಅಂಗಳ, ಬಟ್ಟಲು, ನನ್ನ ಮಾತು, ಟ್ರಂಕು, ಎಲ್ಲವನ್ನೂ. ಸೇಫ್ಟಿ ಸಾಹೇಬರು ಹೇಳಿದ್ದನ್ನೂ ಹೇಳಿದೆ. ಹೇಳಲು ಐದು ನಿಮಿಷವೂ ಹಿಡಿಯಲಿಲ್ಲ.

ಅವಳು ಹೆಂಚಿನ ಮೇಲಿನ ರೊಟ್ಟಿ ಕರಕಾಗುತ್ತಿದ್ದುದನ್ನು ತೆಗೆದು ಬದಿಗಿಟ್ಟಳು. ಒಲೆ ಆರಿಸಿದಳು. ಬಹಳ ಹೊತ್ತು ಪೆಟ್ಟಿಗೆಯನ್ನು ನೋಡಿದಳು, ಮುಟ್ಟಲಿಲ್ಲ. ಅವಳ ತಲೆಯ ಸೆರಗು ಜಾರಿತ್ತು, ಅದನ್ನು ಎಳೆದುಕೊಳ್ಳಲಿಲ್ಲ. ನನ್ನ ಕಣ್ಣಲ್ಲಿ ಕಣ್ಣಿಟ್ಟು ಅವಳು ಮಾತಾಡಿದ್ದು ಅದೇ ಮೊದಲು.

"ನಾಕು ತಿಂಗಳು ಅವ್ರಿಗೆ ಬೈದೀನಿ. ಮುಂಜಾನಿ ಎದ್ದು ಬೈದೀನಿ, ಉಣ್ಣಾಗ ಬೈದೀನಿ. ಒಂದು ದಿನ ನೆಟ್ಟಗ ಅತ್ತಿಲ್ಲ. ಮರಗುಳಿ, ಆಲಸಿ, ನಮ್ಮ ಮ್ಯಾಲ ಜೀವ ಇದ್ದಿದ್ರ ಒಂದು ಬ್ಲೇಡ್ ಕೊಳ್ತಿದ್ದಿಲ್ಲೇನು ಅಂತ. ನೀವು ಮೂರು ಸಲ ಬಂದು ಚಾ ಕುಡದು ಹೋದ್ರಿ."

"ಹೌದವ್ವಾ."

"ಬ್ಯಾಡ ಅಂದಿದ್ದಕ್ಕ ನಿಮಗ ಏನೂ ಅನ್ನಂಗಿಲ್ಲ. ದೊಡ್ಡವ್ರು ಅಂತಾರ, ಸಣ್ಣವ್ರು ಕೇಳ್ತಾರ. ಆದ್ರ ಚಾ ಕುಡದಿದ್ದಕ್ಕ ಅಂತೀನಿ."

ನನಗೆ ಅರ್ಥವಾಯಿತು. ಮೂರು ವಾರ ಕನ್ನಡಿಯ ಮುಂದೆ ನಾನು ತಪ್ಪಾದ ಐದು ನಿಮಿಷವನ್ನು ಅಳೆಯುತ್ತಿದ್ದೆ. ಅಂಗಳದ ಐದು ನಿಮಿಷ ತಿಳಿಯದೆ ಮಾಡಿದ್ದು. ಈ ಮನೆಯಲ್ಲಿ ಚಹಾದ ಕಪ್ಪು-ಬಸಿ ಹಿಡಿದು ಕುಳಿತ ಐದೈದು ನಿಮಿಷ ತಿಳಿದೂ ತಿಳಿದೂ ಮಾಡಿದ್ದು. ತಮ್ಮನನ್ನು ಅವಳಿಂದ ನಾನು ಎರಡು ಸಲ ಕಸಿದುಕೊಂಡಿದ್ದೆ.

"ಹುಡುಗ್ಯಾರು ಸಾಲಿಯಿಂದ ಬರೂ ಹೊತ್ತಾತು" ಎಂದಳು. "ಅವ್ರ ಮುಂದೂ ಬೈದೀನಿ ನಾ. ಸಣ್ಣಾಕಿ ನಮ್ಮಪ್ಪ ಆಲಸಿ ಇದ್ದ ಅಂತ ಗೆಳತ್ಯಾರ ಮುಂದ ಅಂದು ಬಂದಾಳ. ನಾ ಹೇಳಂಗಿಲ್ಲ. ನೀವ ಹೇಳ್ರಿ. ಚಾ ಕೊಡಂಗಿಲ್ಲ ಇವತ್ತ."

ಹೊರಗೆ ಕಟ್ಟೆಯ ಮೇಲೆ ಕುಳಿತೆ. ಹೆದ್ದಾರಿಯ ಕಡೆಯಿಂದ ಲಾರಿಗಳ ಸದ್ದು ಬರುತ್ತಿತ್ತು. ಒಳಗೆ ಕಲಾವತಿ ಅಳುತ್ತಿದ್ದಳು. ಜೋರಾಗಿ, ತಡೆಯಿಲ್ಲದೆ, ನಾಲ್ಕು ತಿಂಗಳ ಹಿಂದೆ ಅಳಬೇಕಾಗಿದ್ದದ್ದನ್ನು ಈಗ ಅಳುತ್ತಿದ್ದಳು. ಎದ್ದು ಹೋಗಿಬಿಡಲೇ ಎಂದು ಒಮ್ಮೆ ಅನ್ನಿಸಿತು. ನಾಲ್ಕೂವರೆಯ ಬಸ್ಸು ಇತ್ತು. ಅದು ಹಾರನ್ ಹೊಡೆದು ಹೋದದ್ದೂ ಕೇಳಿಸಿತು.

ಹುಡುಗಿಯರು ಬಂದರು. ದೊಡ್ಡವಳು ನನ್ನ ಮುಖ ನೋಡಿ ಬೆದರಿ ನಿಂತಳು, ಅವಳಿಗೆ ಮೀಸೆಯ ಅರ್ಥ ಗೊತ್ತು. ಚಿಕ್ಕವಳಿಗೆ ಒಂಬತ್ತು ವರ್ಷ. ಅವಳು ಚೀಲ ಇಳಿಸದೆ ನನ್ನ ಹತ್ತಿರ ಬಂದು, ತಲೆ ವಾರೆ ಮಾಡಿ ನೋಡಿ, ಒಂದು ಬೆರಳಿನಿಂದ ನನ್ನ ಮೇಲುತುಟಿ ಮುಟ್ಟಿದಳು.

"ದೊಡ್ಡಪ್ಪಾ, ನೀ ಉಣ್ಣಿ ಕತ್ತರಿಸಿದ ಕುರಿ ಕಂಡಂಗ ಕಾಣಾಕತ್ತಿ" ಎಂದು ನಗತೊಡಗಿದಳು. ಬಗ್ಗಿ ಬಗ್ಗಿ ನಕ್ಕಳು. ಆ ಮನೆಯಲ್ಲಿ ನಾಲ್ಕು ತಿಂಗಳಲ್ಲಿ ನಾನು ಕೇಳಿದ ಮೊದಲ ನಗು ಅದು.

ನಾನು ಅವಸರ ಮಾಡಲಿಲ್ಲ. ಅವಳು ನಕ್ಕು ಮುಗಿಸಲಿ ಎಂದು ಕಾದೆ. ಆಮೇಲೆ ಕಟ್ಟೆಯ ಮೇಲೆ ಸ್ವಲ್ಪ ಸರಿದು ಇಬ್ಬರಿಗೂ ಜಾಗ ಮಾಡಿಕೊಟ್ಟೆ.